ಎರಡೂವರೆ ಪಟ್ಟು ವೇಗದಲ್ಲಿ ಜ್ಞಾನೋದಯ

ವರ್ಷಕ್ಕೆ ನೂರು ಪುಸ್ತಕ! ಓದಿ ಅಲ್ಲ, ಕೇಳಿ! ಹೀಗೆಂದು ನಾನು ವರ್ಷದ ಮೊದಲ ದಿನ ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ಕತೆ ಕಾದಂಬರಿಗಳಂಥ ಪೊಳ್ಳು ಸಾಮಗ್ರಿಯಲ್ಲ. ವಿಜ್ಞಾನ ಮತ್ತು ವ್ಯವಹಾರ, ಎರಡೇ ಎರಡು. ಹಗಲಿಡೀ ಸಾಫ್ಟ್‌ವೇರ್ ಬರೆದು ಸವೆದ ಮೆದುಳಿಗೆ ಅದಕ್ಕಿಂತ ಶುದ್ಧ ಆಹಾರ ಬೇರೆ ಯಾವುದಿದೆ?

"ನೂರಾ?" ಎಂದಳು ನನ್ನವಳು. ಆಕೆ ಹಲ್ಲಿನ ಡಾಕ್ಟರು. ಹಗಲು ಊರವರ ಬಾಯಿ ತೆರೆಸುತ್ತಾಳೆ, ಸಂಜೆ ನನ್ನ ಬಾಯಿ ಮುಚ್ಚಿಸುತ್ತಾಳೆ. "ಹೋದ ವರ್ಷ ವಾಷಿಂಗ್ ಮೆಷಿನ್ ಜತೆ ಬಂದ ಪುಸ್ತಕಾನೇ ನೀವಿನ್ನೂ ಮುಗಿಸಿಲ್ಲ."

"ಅದನ್ನ ಕಿವಿಗೆ ಹೇಳೋರು ಯಾರೂ ಇರಲಿಲ್ಲ."

"ನಾನಿದ್ನಲ್ಲ. ಮೂರು ಸಲ ಹೇಳಿದೆ."

ಮಹಾಕಾರ್ಯಕ್ಕೆ ಹೊರಟವರು ಇಂಥ ಮಾತುಗಳನ್ನೆಲ್ಲ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾನು ಇಯರ್‌ಫೋನ್ ಹಾಕಿಕೊಂಡೆ.

ಒಂದು ಪುಸ್ತಕಕ್ಕೆ ಹನ್ನೆರಡು ಗಂಟೆ. ಅಷ್ಟು ಹೊತ್ತು ಕೇಳುತ್ತ ಕೂರಲು ನಾನೇನು ಪಿಂಚಣಿ ತೆಗೆದುಕೊಂಡವನೇ? ವೇಗವನ್ನು ಎರಡೂವರೆ ಪಟ್ಟು ಏರಿಸಿದೆ. ಆ ವೇಗದಲ್ಲಿ ಗಂಡಸು ಓದಲಿ, ಹೆಂಗಸು ಓದಲಿ, ಎಲ್ಲರೂ ಬಸ್ಸಿನ ಹಿಂದೆ ಓಡುತ್ತಿರುವವರಂತೆಯೇ ಮಾತಾಡುತ್ತಾರೆ. ಇರಲಿ, ಜ್ಞಾನ ತಾನೆ ಮುಖ್ಯ! ಫೋನು ಜೇಬಿನಲ್ಲಿ, ಕೈ ಪಾತ್ರೆ ತೊಳೆಯುವ ನೊರೆಯಲ್ಲಿ. ಶುರು ಮಾಡಬೇಕೆಂದರೆ ಕಿವಿಯ ಮೇಲಿನ ಗುಂಡಿಯನ್ನು ಮಣಿಕಟ್ಟಿನಿಂದ ಒತ್ತಿದರಾಯಿತು. ಫೋನಿನ ಮುಖ ನೋಡುವ ಗೋಜೇ ಇರಲಿಲ್ಲ.

ಕೇಳಿ ಸುಮ್ಮನಿರುವ ಜಾಯಮಾನ ನನ್ನದಲ್ಲ. ಆಫೀಸಿನ ಗ್ರೂಪಿನಲ್ಲಿ ಅಭಿಪ್ರಾಯ ಪ್ರಕಟಿಸತೊಡಗಿದೆ. "ವ್ಯವಹಾರದ ಪುಸ್ತಕ: ಒಂದು ಪುಟದ ವಿಚಾರಕ್ಕೆ ಮುನ್ನೂರು ಪುಟದ ಹಾಸಿಗೆ, ದಿಂಬು. ಎರಡು ನಕ್ಷತ್ರ." "ವಿಜ್ಞಾನದ ಪುಸ್ತಕ: ಲೇಖಕ ಮೊದಲ ಅಧ್ಯಾಯದಲ್ಲಿ ಕಾಡಿಗೆ ಹೋಗುತ್ತಾನೆ, ಕೊನೆಯ ಅಧ್ಯಾಯದಲ್ಲಿ ಇನ್ನಷ್ಟು ಸಂಶೋಧನೆ ಬೇಕು ಎನ್ನುತ್ತಾನೆ. ಮೊದಲೇ ಹೇಳಿದ್ದರೆ ನಾವೂ ಕಾಡಿನಿಂದ ಬೇಗ ವಾಪಸಾಗುತ್ತಿದ್ದೆವು. ಮೂರು ನಕ್ಷತ್ರ." "ಲೇಖಕರೇ ಸ್ವತಃ ಓದಿದ್ದಾರೆ. ಮನೆಯವರು ಯಾರಾದರೂ ತಡೆಯಬೇಕಿತ್ತು. ಒಂದು ನಕ್ಷತ್ರ." ಆಫೀಸಿನಲ್ಲಿ ನನ್ನನ್ನು 'ವಿಮರ್ಶಕ' ಎಂದು ಕರೆಯತೊಡಗಿದರು. ಕೆಲವರು ಹಾಗೆನ್ನುವಾಗ ಕಣ್ಣು ಮಿಟುಕಿಸುತ್ತಿದ್ದರು. ನಾನದನ್ನು ಗೌರವವೆಂದೇ ಲೆಕ್ಕ ಹಾಕಿದೆ.

ಅಷ್ಟರಲ್ಲಿ ನಮ್ಮ ತಂಡದ ಮುಖ್ಯಸ್ಥರು ಬೇರೆ ಕಂಪನಿ ಸೇರಿದರು. ಅವರ ಗಾಜಿನ ಕೋಣೆ ಖಾಲಿಯಾಯಿತು. ಹದಿನಾಲ್ಕು ವರ್ಷದಿಂದ ಶೌಚಾಲಯದ ಬಾಗಿಲಿನ ಎದುರು ಕೂತು ಕೆಲಸ ಮಾಡಿದ ನನಗೆ ಆ ಕೋಣೆಯ ಮೇಲೆ ಎಷ್ಟು ಆಸೆಯಿತ್ತೆಂದು ಹೇಳಿಕೊಳ್ಳಲೂ ನಾಚಿಕೆ. ಕಂಪನಿಯ ದೊಡ್ಡ ಸಾಹೇಬರು ಗ್ರೂಪಿನಲ್ಲಿ ಒಂದು ಹೊಸ ವ್ಯವಹಾರ ಪುಸ್ತಕದ ಹೆಸರು ಹಾಕಿ, "ತಂಡ ಕಟ್ಟುವುದು ಹೇಗೆ ಅನ್ನೋದರ ಬಗ್ಗೆ ಇದೆಯಂತೆ. ಎರಡು ವಾರ ಬಿಟ್ಟು ಗುರುವಾರ ವಿಮರ್ಶಕರು ನಮಗೆಲ್ಲ ಇದರ ಸಾರ ಹೇಳಲಿ" ಎಂದರು. ಗಾಜಿನ ಕೋಣೆಯ ಬೀಗದ ಕೈ ನನ್ನ ಜೇಬಿಗೇ ಬಂದು ಬಿದ್ದಂತಾಯಿತು!

ಎರಡು ವಾರ ಬೆಳಿಗ್ಗೆ ಸಂಜೆ ಪಾತ್ರೆ ತೊಳೆದೆ, ಪುಸ್ತಕ ಕೇಳಿದೆ. ಮೊದಲ ಎರಡು ಅಧ್ಯಾಯ ಮಾಮೂಲು. ಮೂರನೆಯದರಲ್ಲಿ ಲೇಖಕ ಇರುವೆಯ ಉದಾಹರಣೆ ಎತ್ತಿಕೊಂಡ. ವ್ಯವಹಾರದ ಪುಸ್ತಕದಲ್ಲಿ ಪ್ರಾಣಿ ಬರುವುದು ಹೊಸದಲ್ಲ. ಆದರೆ ಈ ಪುಣ್ಯಾತ್ಮ ಬಿಡಲೇ ಇಲ್ಲ! ನಾಲ್ಕನೆಯ ಅಧ್ಯಾಯದಲ್ಲೂ ಇರುವೆ, ಎಂಟರಲ್ಲೂ ಇರುವೆ. ಒಂದೊಂದು ಸಲ ಥಟ್ಟನೆ ತಂಡ, ಗುರಿ, ಗ್ರಾಹಕ ಎಂದು ನಾಲ್ಕು ಮಾತಾಡಿ ಮತ್ತೆ ಹುತ್ತದೊಳಗೆ ನುಗ್ಗುತ್ತಿದ್ದ. ಎಂಥ ಧೈರ್ಯ! ಎಂಥ ಹೊಸ ಶೈಲಿ! ನನ್ನ ಜೀವಮಾನದ ಮೊದಲ ಐದು ನಕ್ಷತ್ರ ಅದಕ್ಕೇ ಕೊಟ್ಟೆ.

ಗುರುವಾರ ಇಪ್ಪತ್ತು ನಿಮಿಷ ಗುಡುಗಿದೆ. "ಗೂಡಿನಲ್ಲಿ ಎಳೆಯ ಇರುವೆಗಳು ಒಳಗೇ, ರಾಣಿಯ ಪಕ್ಕದಲ್ಲೇ ಇರುತ್ತವೆ. ವಯಸ್ಸಾದವು ಹೊರಗೆ, ಅಪಾಯ ಇರುವ ಕಡೆ! ಯಾಕೆ? ಅವು ಹೇಗೂ ಬಹಳ ದಿನ ಇರುವುದಿಲ್ಲ. ಹೋದರೆ ಗೂಡಿಗೆ ನಷ್ಟ ಕಡಿಮೆ!" ಇದನ್ನು ಹೇಳುವಾಗ ನನ್ನ ದೃಷ್ಟಿ ಹಿಂದಿನ ಸಾಲಿನಲ್ಲಿದ್ದ ಟೆಸ್ಟಿಂಗ್ ವಿಭಾಗದ 'ತಾತ'ನ ಬಿಳಿ ತಲೆಯ ಮೇಲೆ ತುಸು ಹೊತ್ತು ನಿಂತಿತೆಂದು ಒಪ್ಪಿಕೊಳ್ಳಬೇಕು. ಸಾಹೇಬರು ಡೈರಿಯಲ್ಲಿ ಬರೆದುಕೊಂಡರು. ಅಡಿಗೆರೆ ಹಾಕಿದರು. ಅದೂ ಎರಡು ಸಲ!

ಮನೆಗೆ ಬಂದವನೇ, ಬಟ್ಟೆ ಮಡಚುತ್ತಿದ್ದ ನನ್ನವಳ ಮುಂದೆ ಭಾಷಣವನ್ನೆಲ್ಲ ಇನ್ನೊಮ್ಮೆ ಒಪ್ಪಿಸಿದೆ. ಆಕೆಯ ಕೈ ಒಂದು ಕಾಲುಚೀಲದ ಮೇಲೆ ನಿಂತಿತು.

"ರೀ, ಅದು ನನ್ನ ಪುಸ್ತಕ."

"ಅಂದ್ರೆ?"

"ಇರುವೆ ಪುಸ್ತಕ. ಬೆಳಿಗ್ಗೆ ಇಸ್ತ್ರಿ ಮಾಡೋವಾಗ ಟ್ಯಾಬ್‌ನಲ್ಲಿ ನಾನು ಕೇಳ್ತಿರೋದು. ಮನೆಗೆಲ್ಲ ಒಂದೇ ಖಾತೆ ತಾನೆ? ನಾನು ನಿಲ್ಲಿಸಿದ ಕಡೆಯಿಂದ ಅದು ನಿಮ್ಮ ಕಿವೀಲಿ ಶುರುವಾಗಿದೆ."

"ಹಾಗಿದ್ರೆ ನಿಂಗೂ ನನ್ನ ಪುಸ್ತಕ ಬಂದಿರಬೇಕಲ್ಲ?"

"ಬಂತು. ಎರಡು ಸಲ. ನಾನು ನೋಡಿ ಬದಲಾಯಿಸಿಕೊಂಡೆ. ಮುಖಪುಟದಲ್ಲಿ ಅಂಗೈ ಅಗಲದ ಇರುವೆ ಇದೆ ರೀ! ಒಂದ್ಸಲಾನೂ ಫೋನ್ ನೋಡ್ಲಿಲ್ವಾ?"

ಫೋನು ತೆಗೆದು ನೋಡಿದೆ. ಇರುವೆ ನನ್ನನ್ನೇ ನೋಡುತ್ತಿತ್ತು. ಸಾಹೇಬರು ಹೇಳಿದ ಪುಸ್ತಕದಲ್ಲಿ ನಾನು ಕೇಳಿದ್ದು ಹೆಚ್ಚೆಂದರೆ ಮೂರು ಅಧ್ಯಾಯ. ಉಳಿದ ಆಡಳಿತ ಶಾಸ್ತ್ರವೆಲ್ಲ ಹುತ್ತದ್ದು!

"ನಾಳೆ ಹೋಗಿ ಹೇಳಿಬಿಡಿ" ಎಂದಳು.

ಪ್ರಾಮಾಣಿಕತೆಯ ಬಗ್ಗೆ ನಾನು ಅದುವರೆಗೆ ನಾಲ್ಕು ಪುಸ್ತಕ ಕೇಳಿದ್ದೆ. ಆ ಸಂಜೆ ಒಂದರ ಒಂದು ಸಾಲೂ ನೆನಪಿಗೆ ಬರಲಿಲ್ಲ. "ಕೋಣೆ ಕೈಗೆ ಬರಲಿ, ಆಮೇಲೆ ನಿಧಾನಕ್ಕೆ ಹೇಳಿದರಾಯಿತು" ಎಂದು ಸುಮ್ಮನಾದೆ. ಸಾಹೇಬರು ಹೇಳಿದ ಪುಸ್ತಕವನ್ನು ಇಡೀ ಆಫೀಸಿನಲ್ಲಿ ಬೇರೆ ಯಾರೂ ಕೇಳಿರಲಿಕ್ಕಿಲ್ಲ ಎಂಬ ಭರವಸೆಯೂ ಇತ್ತು. ಅದು ಸುಳ್ಳಾಗಲಿಲ್ಲ. ಇಂಥ ಪುಸ್ತಕಗಳನ್ನು ಜನ ಒಬ್ಬರಿಗೊಬ್ಬರು ಶಿಫಾರಸು ಮಾಡುತ್ತಾರೆ ಅಷ್ಟೆ.

ಶುಕ್ರವಾರ ಸಾಹೇಬರು ಕರೆದರು. ಪಕ್ಕದಲ್ಲಿ ಸಿಬ್ಬಂದಿ ವಿಭಾಗದ ಮೇಡಂ ಒಂದು ಪಟ್ಟಿ ಹಿಡಿದು ಕೂತಿದ್ದರು.

"ಅದ್ಭುತ ಕಣ್ರೀ ನಿಮ್ಮ ಭಾಷಣ! ರಾತ್ರಿಯೆಲ್ಲ ಯೋಚಿಸಿದೆ. ಗಾಜಿನ ಕೋಣೆ ನಮ್ಮ ತಂಡದ ಅತಿ ಚಿಕ್ಕವರಿಗೆ. ಎಳೆಯರು ಒಳಗೆ, ನನ್ನ ಪಕ್ಕದಲ್ಲಿ. ನೀವೇ ಹೇಳಿದ್ರಲ್ಲ!"

ಆ ಅತಿ ಚಿಕ್ಕವಳಿಗೆ ಕೆಲಸ ಕಲಿಸಿದವನೇ ನಾನು!

"ಇನ್ನು ಆ ಶೈತ್ಯಾಗಾರದವರು" ಎಂದು ಸಾಹೇಬರು ಮುಂದುವರಿಸಿದರು. ನಾವು ಮಾಡಿಕೊಟ್ಟ ದಾಸ್ತಾನಿನ ಸಾಫ್ಟ್‌ವೇರ್ ಅವರ ಮೀನನ್ನೆಲ್ಲ ಐಸ್‌ಕ್ರೀಂ ಎಂದು ತೋರಿಸುತ್ತಿತ್ತು. ಅಲ್ಲಿಗೆ ಹೋದವರನ್ನು ಅವರು ಮನುಷ್ಯರಂತೆ ಮಾತಾಡಿಸುತ್ತಿರಲಿಲ್ಲ. "ಮೂರು ವಾರ ಅಲ್ಲೇ ಕೂತು ಬೈಸಿಕೊಂಡು ಸರಿ ಮಾಡೋಕೆ ಒಬ್ಬರು ಬೇಕು. ಅತಿ ಹಿರಿಯರು."

"ತಾತ ಇದಾರಲ್ಲ ಸರ್" ಎಂದೆ, ತುಸು ಅವಸರದಿಂದಲೇ.

ಮೇಡಂ ಪಟ್ಟಿ ನೋಡಿದರು. ನನ್ನ ಕಪ್ಪು ತಲೆಯನ್ನೂ ನೋಡಿದರು. "ಅವರಿಗೆ ನಲವತ್ತನಾಲ್ಕು. ಕೂದಲು ಬೇಗ ಬೆಳ್ಳಗಾಗಿದೆ ಅಷ್ಟೆ. ನಿಮಗೆ ನಲವತ್ತೇಳು."

ಆಗ ನನ್ನೊಳಗಿನ ಪ್ರಾಮಾಣಿಕತೆ ಧಡಕ್ಕನೆ ಎದ್ದು ಕೂತಿತು. "ಸರ್! ತಪ್ಪಾಗಿದೆ ಸರ್! ಅದು ನೀವು ಹೇಳಿದ ಪುಸ್ತಕವೇ ಅಲ್ಲ! ನನ್ನ ಹೆಂಡತಿ ಪುಸ್ತಕ ಕಿವೀಲಿ ಸೇರಿಕೊಂಡುಬಿಟ್ಟಿದೆ! ಅದು ಬರೀ ಇರುವೆಗಳ ಬಗ್ಗೆ ಸರ್, ಕಂಪನಿಗೂ ಅದಕ್ಕೂ ಸಂಬಂಧವೇ ಇಲ್ಲ!"

ಸಾಹೇಬರು ಒಂದಿಷ್ಟೂ ವಿಚಲಿತರಾಗಲಿಲ್ಲ. "ಅದಕ್ಕೇನೀಗ? ಇರುವೆಗಳು ಕೋಟ್ಯಂತರ ವರ್ಷದಿಂದ ಸಂಸಾರ ನಡೆಸ್ಕೊಂಡು ಬಂದಿವೆ. ನಾನು ಹೇಳಿದ ಪುಸ್ತಕ ಬರೆದವನ ಕಂಪನಿ ಮೂರೇ ವರ್ಷಕ್ಕೆ ಮುಚ್ಚಿಹೋಯ್ತು. ನಾನು ಯಾರ ಮಾತು ಕೇಳಲಿ, ನೀವೇ ಹೇಳಿ?"



ಸೋಮವಾರ ಶೈತ್ಯಾಗಾರಕ್ಕೆ ಹೋದೆ. ಯಾರದೋ ಮೀನುವಾಸನೆಯ ಕೋಟು ತೊಡಿಸಿದರು. ಉಗ್ರಾಣದವನು ನನ್ನ ಮೂಗಿನ ಮುಂದೆ ಒಂದು ಹೆಪ್ಪುಗಟ್ಟಿದ ಮೀನು ಹಿಡಿದು, "ಇದು ಯಾವ ಫ್ಲೇವರು ಸ್ವಾಮಿ?" ಎಂದು ಮಧ್ಯಾಹ್ನದವರೆಗೆ ಹದಿನೇಳು ಸಲ ಕೇಳಿದ. ಬೆರಳು ಮರಗಟ್ಟಿತು. ಮಾನ ಅದಕ್ಕೂ ಮೊದಲೇ ಮರಗಟ್ಟಿತ್ತು. ಊಟದ ಬಿಡುವಿನಲ್ಲಿ ಪೆಟ್ಟಿಗೆಗಳ ಮರೆಯಲ್ಲಿ ನಿಂತು ನನ್ನವಳಿಗೆ ಫೋನು ಮಾಡಿದೆ.

"ನಿನ್ನ ಪುಸ್ತಕ ಮುಗೀತಾ? ಹೊರಗೆ ಹೋದ ಇರುವೆ ಗೂಡಿಗೆ ವಾಪಸ್ ಬರೋಕೆ ಏನಾದ್ರೂ ದಾರಿ ಹೇಳಿದಾರಾ ಅದರಲ್ಲಿ? ಒಂದೇ ಒಂದು ಸಾಲು ಇದ್ರೂ ಸಾಕು, ಸಾಹೇಬರಿಗೆ ತೋರಿಸ್ತೀನಿ."

"ಅಯ್ಯೋ, ಅದಕ್ಕಿಂತ ಒಳ್ಳೇದೇ ಇತ್ತಲ್ಲ ರೀ! ಒಂಬತ್ತನೇ ಅಧ್ಯಾಯ ನೀವು ಕೇಳಲೇ ಇಲ್ವಾ?"

"ಏನಿದೆ ಅದರಲ್ಲಿ?"

"ಹೊರಗೆ ಹೋಗಿ ದುಡಿಯೋ ಇರುವೆಗಳೆಲ್ಲ ಹೆಣ್ಣೇ ಅಂತೆ. ಗಂಡಿರುವೆಗೆ ಯಾರೂ ಒಂದು ಕಡ್ಡಿ ಕೆಲಸಾನೂ ಹೇಳಲ್ಲ. ಒಳಗೆ ಬೆಚ್ಚಗೆ ಕೂತಿರತ್ತೆ, ಉಳಿದವರೇ ತಂದು ಬಾಯಿಗಿಡ್ತಾರೆ. ಇನ್ನೊಂದು ಅಧ್ಯಾಯ ಕೇಳಿಕೊಂಡು ಭಾಷಣ ಮಾಡಿದ್ರೆ, ಆ ಗಾಜಿನ ಕೋಣೇಲಿ ನಿಮ್ಮನ್ನ ಕೂರಿಸಿ ಸಾಹೇಬರೇ ತುತ್ತು ಮಾಡಿ ತಿನ್ನಿಸ್ತಿದ್ರು!"