ಪಾತಾಳದಲ್ಲಿ ಬ್ರೇಕ್

ಭೂಮಿಯ ಮೇಲೆ ನನ್ನ ಹೆಂಡತಿ ನನ್ನ ಕೈಗೆ ಸಿಗುವುದಿಲ್ಲ, ಆದ್ದರಿಂದ ಅವಳನ್ನು ಭೂಮಿಯ ಒಳಗೇ ಕರೆದುಕೊಂಡು ಹೋಗುತ್ತೇನೆ ಎಂದು ನಾನೊಂದು ಭೀಷಣ ಪ್ರತಿಜ್ಞೆ ಮಾಡಿದೆ! ಮಾಡಿದ್ದು ಬಚ್ಚಲಿನಲ್ಲಿ, ಬಾಯಿ ತುಂಬ ಟೂತ್‌ಪೇಸ್ಟಿನ ನೊರೆ ಇಟ್ಟುಕೊಂಡು. ಆದರೂ ಪ್ರತಿಜ್ಞೆ ಪ್ರತಿಜ್ಞೆಯೇ.

ವಿಷಯ ಇಷ್ಟು. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಬೆಳಗಿನಿಂದ ಸಂಜೆಯವರೆಗೆ ಕಲಿಯುವವರ ಪಕ್ಕದಲ್ಲಿ ಪ್ರಾಣ ಕೈಯಲ್ಲಿ ಹಿಡಿದು ಕೂರುವುದೇ ನನ್ನ ಕಸುಬು. ನನ್ನ ಕಾಲಿನ ಬಳಿಯೂ ಒಂದು ಬ್ರೇಕ್ ಇರುತ್ತದೆ. ಎದೆ ಢವಢವ ಅಂದರೆ ಸಾಕು, ನನ್ನ ಬಲಗಾಲು ನನ್ನ ಅಪ್ಪಣೆಗೂ ಕಾಯದೆ ಅದನ್ನು ಒತ್ತಿಬಿಡುತ್ತದೆ.

ನನ್ನವಳು ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ. ಅವಳು ಮನೆಗೆ ಬರುವ ಹೊತ್ತಿಗೆ ನಾನು ಚಪ್ಪಲಿ ಮೆಟ್ಟಿರುತ್ತೇನೆ, ನಾನು ಬರುವ ಹೊತ್ತಿಗೆ ಅವಳು ಮೆಟ್ಟಿರುತ್ತಾಳೆ. "ಬಂದ್ಯಾ?" "ಹೊರಟ್ರಾ?" ಬೆಳಗಿನ ಸಂಸಾರ ಮುಗಿಯಿತು. "ಬಂದ್ರಾ?" "ಹೊರಟ್ಯಾ?" ಸಂಜೆಯದೂ ಮುಗಿಯಿತು. ಮಗಳು ಹಾಸ್ಟೆಲ್ ಸೇರಿದ ಮೇಲೆ ಮನೆಯಲ್ಲಿ ನಾವಿಬ್ಬರೇ; ಅದೂ ಒಟ್ಟಿಗಲ್ಲ, ಒಬ್ಬರಾದ ಮೇಲೆ ಒಬ್ಬರು! ಬಾಳು ಹೋಗಿ ಬರೀ ಪಾಳಿ ಉಳಿದಿತ್ತು. ಅವಳಿಗೆ ರಜೆ ಇದ್ದ ದಿನವಾದರೂ ನೆಮ್ಮದಿಯೇ? ಎರಡು ಮಾತು ಆಡೋಣವೆಂದು ಬಾಯಿ ತೆರೆದರೆ ಅವಳ ಫೋನು ಬಾಯಿ ತೆರೆಯುತ್ತಿತ್ತು. "ಸಿಸ್ಟರ್, ಸ್ಟೋರ್ ರೂಮ್ ಬೀಗದ ಕೈ ಎಲ್ಲಿಟ್ಟಿದೀರಾ?"

ಹೊರಗಿನವರ ಮುಂದೆ ಮಾತ್ರ ನನ್ನ ರಾಗವೇ ಬೇರೆ. "ನರ್ಸಿನ ಗಂಡ ಅಂದ್ರೆ ಅರಸ ಕಣ್ರೀ! ಟಿವಿ ರಿಮೋಟ್ ನಂದೇ, ಮಂಚ ಪೂರ್ತಿ ನಂದೇ!" ಎಂದು ಕೊಚ್ಚಿಕೊಳ್ಳುತ್ತಿದ್ದೆ. ಆ ಮಂಚದ ಅರ್ಧಭಾಗ ರಾತ್ರಿ ಎಷ್ಟು ತಣ್ಣಗಿರುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ. ಅವಳಿಗೂ ಹೇಳಿರಲಿಲ್ಲ.

ಹೀಗಿರುವಾಗ ಮೇಟ್ರನ್ ಅವಳನ್ನು ಕರೆದು, "ಹಗಲು ಪಾಳಿಯಲ್ಲಿ ಒಂದು ಜಾಗ ಖಾಲಿಯಾಗಿದೆ, ಬರ್ತೀಯಾ? ಇಲ್ಲಾಂದ್ರೆ ರಾತ್ರಿ ವಾರ್ಡಿಗೆ ನಿನ್ನನ್ನೇ ಖಾಯಂ ಇನ್‌ಚಾರ್ಜ್ ಮಾಡ್ತೀನಿ. ಸೋಮವಾರದೊಳಗೆ ಹೇಳು" ಎಂದರಂತೆ. ಅವಳು ಬಾಗಿಲಲ್ಲೇ ನಿಂತು ನನ್ನನ್ನು ಕೇಳಿದಳು.

"ಏನ್ಮಾಡ್ಲಿ ರೀ?"

'ಹಗಲಿಗೆ ಬಾರೇ ಮಾರಾಯ್ತಿ' ಎಂಬುದು ನಾಲಿಗೆಯ ತುದಿಯವರೆಗೆ ಬಂದಿತ್ತು. ಬಾಯಿಂದ ಹೊರಬಿದ್ದದ್ದು ಬೇರೆಯೇ. "ನಿನ್ನಿಷ್ಟ! ನಂಗೇನು ತೊಂದ್ರೆ ಇಲ್ಲ!"

ಅವಳು "ಹೌದಾ" ಎಂದು ಒಳಗೆ ಹೋದಳು. ಅಂದು ಕಲಿಯಲು ಬಂದವನು ಕಾರನ್ನು ಫುಟ್‌ಪಾತಿಗೆ ಹತ್ತಿಸಿದರೂ ನಾನು ಬೈಯಲಿಲ್ಲ.

ಮರುದಿನ ಪ್ರವಾಸದ ಆಫೀಸೊಂದರ ಮುಂದೆ ಬೋರ್ಡು ಕಂಡಿತು. ಹಳೆಯ ತಾಮ್ರದ ಗಣಿಯೊಳಗೆ ಒಂದು ದಿನದ ಪ್ರವಾಸ, ಗೈಡ್ ಸಮೇತ. ಕೆಳಗೆ ಕೆಂಪಕ್ಷರದಲ್ಲಿ ಎಚ್ಚರಿಕೆ: ಗಣಿಯೊಳಗೆ ಫೋನ್ ಕೆಲಸ ಮಾಡುವುದಿಲ್ಲ! ಆಹಾ! ಅದು ಎಚ್ಚರಿಕೆಯಲ್ಲ, ವರ! ಫೋನಿಲ್ಲದ ಕಡೆ ಹೆಂಡತಿಯನ್ನು ಕೂರಿಸಿಕೊಂಡು ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಯೇ ತೀರುತ್ತೇನೆ ಎಂದು ಭಾನುವಾರಕ್ಕೆ ಎರಡು ಟಿಕೆಟ್ ತಂದೆ.

"ಗಣಿಗಾ? ಅಲ್ಲೇನಿದೆ ರೀ ನೋಡೋಕೆ?"

"ಕತ್ತಲೆ."

"ಅದನ್ನ ನಾನು ದಿನಾ ರಾತ್ರಿ ನೋಡ್ತೀನಿ."

"ಇದು ಐತಿಹಾಸಿಕ ಕತ್ತಲೆ ಕಣೇ!"

ನನ್ನ ಮುಖ ನೋಡಿ ಏನನ್ನಿಸಿತೋ, ಒಪ್ಪಿದಳು. ಶನಿವಾರದ ರಾತ್ರಿ ಪಾಳಿ ಮುಗಿಸಿ, ಭಾನುವಾರ ಬೆಳಿಗ್ಗೆ ನೇರವಾಗಿ ಪ್ರವಾಸದ ಬಸ್ಸಿಗೇ ಬಂದಳು. ನಾನು ಹಿಂದಿನ ದಿನವೇ ಕನ್ನಡಿಯ ಮುಂದೆ ಭಾಷಣ ಉರು ಹೊಡೆದಿದ್ದೆ. ಗಂಟಲು ಸರಿಮಾಡಿಕೊಂಡು, "ನೋಡು, ನಿನ್ನ ಹತ್ರ ಒಂದು ವಿಷಯ..." ಎಂದೆ. "ಹ್ಞೂಂ" ಎಂದಳು. ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಗೊರಕೆ! ಬಸ್ಸು ಕುಲುಕಿದಾಗಲೆಲ್ಲ ಅವಳ ತಲೆ ಕಿಟಕಿಗೆ ಬಡಿಯುತ್ತಿತ್ತು. ಕಿಟಕಿಗೂ ತಲೆಗೂ ನಡುವೆ ನನ್ನ ಅಂಗೈ ಇಟ್ಟುಕೊಂಡು ದಾರಿಯುದ್ದಕ್ಕೂ ಕೂತೆ. ಕೈ ಜೋಮು ಹಿಡಿಯಿತು. ಆದರೂ ಗಣಿ ಇನ್ನೂ ಸ್ವಲ್ಪ ದೂರ ಇರಬಾರದಿತ್ತೇ ಎನ್ನಿಸಿತು.

ಗಣಿಯ ಬಾಗಿಲಲ್ಲಿ ಫೋನುಗಳನ್ನೆಲ್ಲ ಕಪಾಟಿನಲ್ಲಿಟ್ಟು, ತಲೆಗೆ ಹೆಲ್ಮೆಟ್ ಹಾಕಿ, ಕಬ್ಬಿಣದ ಪಂಜರದಂಥ ಲಿಫ್ಟಿಗೆ ನಮ್ಮನ್ನು ತುಂಬಿದರು. ಗೈಡ್ ಗಟ್ಟಿ ಗಂಟಲಿನ ಹುಡುಗಿ. "ಎಲ್ಲರೂ ಹಿಡ್ಕೊಳ್ಳಿ!" ಎಂದಳು. ಗಂಟೆ ಮೊಳಗಿತು. ಪಂಜರ ದಢಕ್ಕೆಂದು ಪಾತಾಳಕ್ಕೆ ಇಳಿಯಿತು. ನನ್ನ ಎದೆ ಢವ್ ಎಂದಿತು, ಬಲಗಾಲು ಬ್ರೇಕ್ ಒತ್ತಿತು.

"ಅಯ್ಯಯ್ಯೋ! ಸತ್ತೆ!" ಎಂದು ಪಕ್ಕದಲ್ಲಿದ್ದ ದಪ್ಪ ಮೀಸೆಯ ವಕೀಲರು ಚೀರಿದರು.

"ಕ್ಷಮಿಸಿ ಸಾರ್, ಬ್ರೇಕ್ ಅಂದ್ಕೊಂಡೆ."

"ಅದು ನನ್ನ ಹೆಬ್ಬೆರಳು ಸ್ವಾಮಿ!"

ಕೆಳಗಿಳಿದ ಮೇಲೆ ನಮ್ಮ ವನವಾಸ ಮುಗಿಯಿತು, ಇನ್ನು ಏಕಾಂತ ಎಂದುಕೊಂಡೆ. ಎಲ್ಲಿಯ ಏಕಾಂತ! ಸುರಂಗದಲ್ಲಿ ಹತ್ತು ಹೆಜ್ಜೆ ಇಟ್ಟಿಲ್ಲ, ನಮ್ಮ ಗುಂಪಿನ ಅಜ್ಜಿಯೊಬ್ಬರು ಏದುಸಿರು ಬಿಡತೊಡಗಿದರು. ನನ್ನವಳ ನಿದ್ದೆಯೆಲ್ಲ ಹಾರಿಹೋಯಿತು. "ಅಜ್ಜೀ, ಕೂತ್ಕೊಳ್ಳಿ. ನಿಧಾನಕ್ಕೆ ಬಾಯಿಂದ ಉಸಿರು ಬಿಡಿ. ನಾನು ನರ್ಸು, ಹೆದರ್ಬೇಡಿ" ಎಂದಳು. ಆಯಿತಲ್ಲ! 'ನರ್ಸು' ಎಂಬ ಶಬ್ದ ಬಾಯಿಂದ ಬಿದ್ದದ್ದೇ ತಡ, ಗಣಿ ವಾರ್ಡ್ ಆಯಿತು. ವಕೀಲರು ಬೂಟು ಬಿಚ್ಚಿ ಹೆಬ್ಬೆರಳು ತೋರಿಸಿದರು. ಹೊಸದಾಗಿ ಮದುವೆಯಾದ ಜೋಡಿಯ ಹುಡುಗಿಗೆ ಕಿವಿ ಕಟ್ಟಿತ್ತು, ಹುಡುಗನಿಗೆ ಅವಳ ಕಿವಿ ಕಟ್ಟಿದ್ದರಿಂದ ಗಾಬರಿ ಕಟ್ಟಿತ್ತು. ಕೊನೆಗೆ ಗೈಡ್ ಹುಡುಗಿಯೂ, "ಸಿಸ್ಟರ್, ನಂಗೂ ಒಂದ್ ವಾರದಿಂದ ಬೆನ್ನು..." ಎಂದು ಸಾಲಿನಲ್ಲಿ ನಿಂತಳು! ನಾನು? ಅಜ್ಜಿಯ ಕೈಚೀಲ, ಕೊಡೆ, ವಕೀಲರ ಒಂಟಿ ಬೂಟು ಹಿಡಿದುಕೊಂಡು ಗೋಡೆಗೆ ಆತು ನಿಂತಿದ್ದೆ. ಗಣಿಯೊಳಗೆ ನನ್ನನ್ನು ಗಣಿಸುವವರೇ ಇರಲಿಲ್ಲ!

ಮುಚ್ಚಿಡುವುದೇಕೆ, ನನಗೆ ಹೊಟ್ಟೆಕಿಚ್ಚಾಯಿತು. ಅಜ್ಜಿಯ ಕೈ ಹಿಡಿದಳು, ವಕೀಲರ ಕಾಲು ಹಿಡಿದಳು, ನನ್ನನ್ನು ಹಿಡಿಯುವವರು ಯಾರು? ತಟ್ಟನೆ ಒಂದು ಉಪಾಯ ಹೊಳೆಯಿತು. ಹಣೆಗೆ ಕೈಯಿಟ್ಟು, "ಅಯ್ಯೋ... ತಲೆ ಸುತ್ತುತ್ತಾ ಇದೆ..." ಎಂದು ಗೋಡೆಗೆ ಒರಗಿ ಜಾರಿದೆ. ಹೆಲ್ಮೆಟ್ ಬಂಡೆಗೆ ತಗುಲಿ ಠಣ್ಣೆಂದಿತು. ನಟನೆಗೆ ಹಿನ್ನೆಲೆ ಸಂಗೀತವೂ ಸಿಕ್ಕಿತು.

ಅವಳು ಓಡಿ ಬಂದಳು. ನನ್ನ ಮಣಿಕಟ್ಟು ಹಿಡಿದಳು. ಬೆರಳುಗಳಲ್ಲಿ ಆಸ್ಪತ್ರೆಯ ಸೋಪಿನ ವಾಸನೆ. ಆ ಕೈ ನನ್ನ ಕೈಯನ್ನು ಹಿಡಿದು ಎಷ್ಟು ಕಾಲವಾಗಿತ್ತು! ಅಳು ಬಂದಂತಾಯಿತು, ನಿಜವಾಗಿ. ಅವಳು ಗಡಿಯಾರ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ತುಟಿಯ ಅಂಚಿನಲ್ಲಿ ಏನೋ ಅಲುಗಿತು. ಸಿಕ್ಕಿಬಿದ್ದೆ ಎಂದುಕೊಂಡೆ.

"ಸ್ಟ್ರೆಚರ್ ತರಿಸ್ಲಾ ಸಿಸ್ಟರ್? ಇವರೊಬ್ಬರನ್ನೇ ಮೇಲಕ್ಕೆ ಕಳಿಸ್ಬಿಡ್ಲಾ?" ಎಂದು ಗೈಡ್ ಗಾಬರಿಯಾದಳು. ನನ್ನ ಜೀವ ಬಾಯಿಗೆ ಬಂತು.

"ಬೇಡಮ್ಮ. ಸ್ವಲ್ಪ ಹೊತ್ತು ಕೂತ್ರೆ ಸರಿಹೋಗುತ್ತೆ. ನಾನು ಜೊತೇಲಿರ್ತೀನಿ, ನೀವೆಲ್ಲ ಮುಂದೆ ಹೋಗಿ ಬನ್ನಿ."

ಗಣಿಯ ಕೆಲಸಗಾರರು ಹಿಂದೆ ಬುತ್ತಿ ಬಿಚ್ಚುತ್ತಿದ್ದ, ಬಂಡೆಯಲ್ಲೇ ಕೊರೆದ ಕೋಣೆಯೊಂದರಲ್ಲಿ ಗೈಡ್ ನಮ್ಮನ್ನು ಕೂರಿಸಿದಳು. ಒಂದು ಬೆಂಚು, ಒಂದು ಮಂಕು ಬಲ್ಬು, ಗೋಡೆಯ ಮೇಲೆ ಮೈಕಿನ ಹಳೆಯ ಕಬ್ಬಿಣದ ಡಬ್ಬಿ. "ಏನಾದ್ರೂ ಬೇಕಂದ್ರೆ ಕೆಳಗಿರೋ ಪೆಡಲ್ ಒತ್ತಿ ಮಾತಾಡಿ. ಆಗಿನೋರಿಗೆ ಎರಡೂ ಕೈಯಲ್ಲಿ ಸಾಮಾನು ಇರ್ತಿತ್ತಲ್ಲ, ಅದಕ್ಕೇ ಕಾಲಿಗೆ ಇಟ್ಟಿದಾರೆ. ಒತ್ತಿದ್ರೆ ಎಲ್ಲಾ ಸುರಂಗಕ್ಕೂ ಕೇಳ್ಸುತ್ತೆ, ಮೇಲೆ ಟಿಕೆಟ್ ಕೌಂಟರಿಗೂ" ಎಂದಳು. ನಾನು ಗೋಣು ಆಡಿಸಿದೆ. ಒಂದು ಮಾತೂ ತಲೆಗೆ ಹೋಗಲಿಲ್ಲ. ನನ್ನವಳು ನನ್ನ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ.

ಎಲ್ಲರೂ ಹೋದರು. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಬಂಡೆಯ ಮೇಲೆ ತಾಮ್ರದ ಹಸಿರು ಕಲೆಗಳು. ಅವಳು ಹೆಲ್ಮೆಟ್ ತೆಗೆದಿಟ್ಟು, "ನಿದ್ದೆ ಬರ್ತಿದೆ ರೀ" ಎಂದು ನನ್ನ ಭುಜಕ್ಕೆ ತಲೆಯಿಟ್ಟಳು. ಕೊಂಚ ಹೊತ್ತಿಗೆ ಉಸಿರು ಸಮವಾಯಿತು.

ಎಚ್ಚರವಿದ್ದ ಹೆಂಡತಿಯ ಮುಂದೆ ನಾನು ಇಲಿ. ಮಲಗಿದ ಹೆಂಡತಿಯ ಮುಂದೆ ಸಿಂಹ! ಈಗಲ್ಲದಿದ್ದರೆ ಇನ್ನೆಂದೂ ಇಲ್ಲ ಎಂದು ಬಾಯಿ ತೆರೆದೆ. ಎದೆ ಢವಢವ ಎನ್ನುತ್ತಿತ್ತು. ಕಾಲಿನ ಕಡೆ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

"ಕೇಳೇ, ಹಗಲಿಗೆ ಬಂದ್ಬಿಡು. ನಂಗೆ ತೊಂದ್ರೆ ಇದೆ. ಬೇಕಾದಷ್ಟಿದೆ. ರಾತ್ರಿಯೆಲ್ಲಾ ಟಿವಿ ಹಾಕ್ಕೊಂಡು ಕೂರ್ತೀನಲ್ಲ, ನೋಡೋಕಲ್ಲ ಅದು. ಮನೇಲಿ ಯಾರಾದ್ರೂ ಮಾತಾಡ್ತಿರ್ಲಿ ಅಂತ. ನಿನ್ನ ದಿಂಬು ತಬ್ಕೊಂಡು ಮಲಗ್ತೀನಿ, ನೀನು ಬರೋ ಮುಂಚೆ ಅದರ ಜಾಗಕ್ಕೆ ಇಟ್ಬಿಡ್ತೀನಿ. ಬೆಳಿಗ್ಗೆ ಚಪ್ಪಲಿ ಕಾಣ್ತಿಲ್ಲ, ಚಪ್ಪಲಿ ಕಾಣ್ತಿಲ್ಲ ಅಂತ ಹುಡುಕ್ತೀನಲ್ಲ, ಅದು ಕಣ್ಣೆದುರಿಗೇ ಇರುತ್ತೆ ಕಣೇ. ನೀನು ಗೇಟು ತೆಗೆಯೋ ಸದ್ದು ಕೇಳೋವರೆಗೂ ಹುಡುಕ್ತೀನಿ, ಅಷ್ಟೇ. ನಾವಿಬ್ರೂ ಜಗಳ ಆಡಿ ಯಾವ ಕಾಲ ಆಯ್ತು? ಜಗಳಕ್ಕಾದ್ರೂ ಇಬ್ರೂ ಒಟ್ಟಿಗೆ ಇರ್ಬೇಕಲ್ಲ! ನಿನ್ನ ತಲೇಲಿ ಬಿಳಿಕೂದಲು ಬಂದಿದೆ, ನಂಗೆ ಗೊತ್ತೇ ಇರ್ಲಿಲ್ಲ. ಇವತ್ತು ಬಸ್ಸಲ್ಲಿ ನೋಡ್ದೆ. ಅದು ಬರೋವಾಗ ನಾನೆಲ್ಲಿದ್ದೆ? ಇನ್ನೊಂದ್ ಮಾತು. ಆ ವಕೀಲರ ಹೆಬ್ಬೆರಳನ್ನ ಅಷ್ಟು ಹೊತ್ತು ಹಿಡ್ಕೊಂಡಿರ್ಬೇಕಿತ್ತಾ? ನಂಗೆ ತಲೆ ಸುತ್ತಿದ್ದೂ ಸುಳ್ಳು."

ನನ್ನ ದನಿ ಸುರಂಗದ ತುಂಬ ಗುಂಯ್‌ಗುಟ್ಟುತ್ತಿತ್ತು. ಆಹಾ, ಗಣಿಯ ಗಾಂಭೀರ್ಯವೇ ಗಾಂಭೀರ್ಯ ಎಂದುಕೊಂಡೆ. ಆ ಗುಂಗಿನಲ್ಲೇ, ಮದುವೆಯಾದ ಹೊಸದರಲ್ಲಿ ಅವಳಿಗಾಗಿ ಹಾಡುತ್ತಿದ್ದ ಹಾಡೊಂದನ್ನೂ ಹಾಡಿದೆ. ಅರ್ಧ ಮರೆತುಹೋಗಿತ್ತು. ಉಳಿದರ್ಧವನ್ನು ಲಲಲ ಎಂದು ಮುಗಿಸಿದೆ.

ಹೆಜ್ಜೆ ಸಪ್ಪಳವಾಯಿತು. ಗುಂಪು ಹಿಂತಿರುಗಿತ್ತು. ಗೈಡ್ ಹುಡುಗಿ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೊಸ ಜೋಡಿ ಒಬ್ಬರಿಗೊಬ್ಬರು ಅಂಟಿಕೊಂಡೇ ಬಂದರು. ವಕೀಲರು ಕುಂಟುತ್ತ ಮುಂದೆ ಬಂದು ಕೈಮುಗಿದರು.

"ಕ್ಷಮಿಸಿ ಸ್ವಾಮಿ. ನನ್ನ ಹೆಬ್ಬೆರಳಿಂದ ನಿಮ್ಮ ಮನಸ್ಸಿಗೆ ಇಷ್ಟು ನೋವಾಗಿದೆ ಅಂತ ಗೊತ್ತಿರ್ಲಿಲ್ಲ."

"ನಿಮಗೆ... ಅದು... ಹೇಗೆ?"

ಗೈಡ್ ನನ್ನ ಬಲಗಾಲು ತೋರಿಸಿದಳು. ಪೆಡಲನ್ನು ನೆಲ ಕಚ್ಚಿಸಿಕೊಂಡು ಕೂತಿತ್ತು ನನ್ನ ಶನಿಕಾಲು!

"ಅಯ್ಯೋ!" ಎಂದೆ.

"ಅಯ್ಯೋ!" ಎಂದಿತು ಇಡೀ ಪಾತಾಳ.

ಮೇಲೆ ಬಂದರೆ ಟಿಕೆಟ್ ಕೌಂಟರಿನವರು ಎದ್ದು ಬಂದು ನನ್ನ ಕೈ ಕುಲುಕಿದರು. "ತುಂಬ ಚೆನ್ನಾಗಿತ್ತು ಸಾರ್. ಹಾಡಿನ ಎರಡನೇ ಸಾಲು ಮಾತ್ರ ತಪ್ಪು ಹೇಳಿದ್ರಿ." ನನ್ನವಳು ಕಣ್ಣುಜ್ಜಿಕೊಳ್ಳುತ್ತ, "ಏನಾಯ್ತು? ಯಾಕೆ ಎಲ್ರೂ ನಮ್ಮನ್ನೇ ನೋಡ್ತಿದಾರೆ?" ಎನ್ನುತ್ತಿದ್ದಳು. ಲೋಕಕ್ಕೆಲ್ಲ ಕೇಳಿಸಿ, ಕೇಳಬೇಕಾದವಳಿಗೆ ಕೇಳಿಸಲಿಲ್ಲವಲ್ಲ! ನಾಳೆಯೇ ಸೋಮವಾರ.

ಬಸ್ಸಿನಲ್ಲಿ ಅಜ್ಜಿ ಅವಳ ಆಚೆ ಪಕ್ಕದಲ್ಲೇ ಕೂತು ಶುರುಮಾಡಿದರು. "ನಿನ್ನ ಗಂಡ ದಿಂಬು ತಬ್ಕೊಂಡು ಮಲಗ್ತಾನಂತಮ್ಮಾ, ಪಾಪ!" ಹಿಂದಿನ ಸೀಟಿನಿಂದ ಹೊಸ ಮದುಮಗ, "ಚಪ್ಪಲಿ ವಿಷಯ ಹೇಳಿ ಅಜ್ಜೀ, ಚಪ್ಪಲಿ!" ಎಂದ. ನಾನು ಸೀಟಿನಲ್ಲಿ ಜಾರಿ ಜಾರಿ ಇನ್ನೊಂದು ಗಣಿಗೆ ಇಳಿಯುತ್ತಿದ್ದೆ. ಮಾನ ಉಳಿಸಿಕೊಳ್ಳಲು ಕೊನೆಯ ಪ್ರಯತ್ನ ಮಾಡಿದೆ.

"ಕೆಳಗೆ ಗಾಳಿ ಕಡಿಮೆ ಇತ್ತು. ನಿಮಗೆಲ್ಲ ಏನೇನೋ ಕೇಳಿಸಿರ್ಬೇಕು. ನಾನೆಲ್ಲಿ ಹಾಗಂದೆ?"

"ಅಂದ್ರಿ!" ಎಂದು ಇಡೀ ಬಸ್ಸು ಕೂಗಿತು. ಡ್ರೈವರೂ ಕೂಗಿದ, ಅವನು ಗಣಿಗೆ ಇಳಿದೇ ಇರಲಿಲ್ಲ, ಕೌಂಟರಿನ ಬಳಿ ಟೀ ಕುಡಿಯುತ್ತಿದ್ದನಂತೆ.

"ಬಿಡಿ ಅಜ್ಜೀ" ಎಂದಳು ನನ್ನವಳು. ದನಿ ಒದ್ದೆಯಾಗಿತ್ತು. "ನಂಗೆಲ್ಲಾ ಕೇಳಿಸ್ತು. ನಾನು ನಿದ್ದೆ ಮಾಡಿರ್ಲಿಲ್ಲ."

"ಮಾಡಿರ್ಲಿಲ್ವಾ!"

"ಎಚ್ಚರ ಇದೀನಿ ಅಂತ ಗೊತ್ತಾಗಿದ್ರೆ ನೀವು ಬಾಯಿ ಬಿಡ್ತಿದ್ರಾ? ಅವತ್ತು ಬಾಗಿಲಲ್ಲಿ ಕೇಳಿದಾಗ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ತೊಂದ್ರೆ ಇಲ್ಲ ಅಂದ್ಬಿಟ್ರಿ. ನಾನಿಲ್ದೇ ಇವರಿಗೆ ಆರಾಮಾಗಿದೆ ಅಂದ್ಕೊಂಡು ವಾರವೆಲ್ಲ ವಾರ್ಡಲ್ಲಿ ಕೂತು ಅತ್ತಿದೀನಿ." ಕಪಾಟಿನಿಂದ ಬಿಡಿಸಿ ತಂದ ಫೋನನ್ನು ಕಿವಿಗಿಟ್ಟಳು. "ಮೇಟ್ರನ್ ಮೇಡಂ, ನಾನು ಹಗಲಿಗೇ ಬರ್ತೀನಿ. ಹ್ಞಾ, ಮನೇಲಿ ಕೇಳ್ದೆ. ಮನೇಲಿ... ತುಂಬಾ ತೊಂದ್ರೆ ಇದೆಯಂತೆ."

ಬಸ್ಸು ಚಪ್ಪಾಳೆ ಹೊಡೆಯಿತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆ. ಆಮೇಲೆ ಅವಳ ಕಿವಿಯ ಬಳಿ ಬಾಗಿ ಮೆಲ್ಲಗೆ ಗೊಣಗಿದೆ. "ಅಲ್ಲ ಕಣೇ, ಎಚ್ಚರ ಇದ್ದೆ ಅಂತೀಯ. ನನ್ನ ಕಾಲು ಪೆಡಲ್ ಮೇಲಿದ್ದದ್ದು ಕಾಣಿಸ್ಲಿಲ್ವಾ?"

"ಕಾಣಿಸ್ದೇ ಏನು? ಮೊದಲನೇ ಮಾತಿಗೇ ಒತ್ತಿದ್ರಿ, ನೋಡ್ತಾನೇ ಇದ್ದೆ."

"ನೋಡ್ಕೊಂಡು ಸುಮ್ನಿದ್ಯಾ! ಒಂದು ಸಲ ಚಿವುಟಿದ್ರೆ ಸಾಕಿತ್ತಲ್ಲ, ಯಾಕೆ ಬಿಟ್ಟೆ?"

ಅವಳು ನನ್ನ ಮಣಿಕಟ್ಟು ಹಿಡಿದುಕೊಂಡು, ವಕೀಲರ ಕಡೆ ಒಮ್ಮೆ ನೋಡಿ, ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು.

"ಈಗ 'ನಾನೆಲ್ಲಿ ಹಾಗಂದೆ' ಅಂದ್ರಲ್ಲ, ಅದಕ್ಕೇ ರೀ. ಸಾಕ್ಷಿ ಇರ್ಲಿ ಅಂತ!"