ಕಪ್ಪು ಕನ್ನಡಕದಲ್ಲಿ ತಿಪಟೂರಿಗೆ

ಹೆಸರುವಾಸಿಗಳ ಪ್ರಯಾಣದ ಕಷ್ಟ ಕೇಳಿದರೆ ನನಗೆ ಅಷ್ಟಾಗಿ ಕನಿಕರ ಹುಟ್ಟುವುದಿಲ್ಲ. ಒಂದು ಸಂಜೆ ಟೀವಿಯಲ್ಲಿ ಸಿನಿಮಾ ನಟನೊಬ್ಬ ವಿಮಾನ ನಿಲ್ದಾಣದಲ್ಲಿ ಮುಖ ಮರೆಮಾಡಿಕೊಂಡು, ತಾನು ಎಲ್ಲಿಗೆ ಹೋಗುತ್ತೇನೆಂಬುದು ತನ್ನ ಖಾಸಗಿ ವಿಷಯವೆಂದು ನೊಂದುಕೊಳ್ಳುತ್ತಿದ್ದ. ನಮ್ಮ ಯಜಮಾನರು ಪಾಪ ಎಂದರು. ಪಾಪ ಏಕೆ? ಅವನಿಗೆ ಹಿಂಬಾಗಿಲಿದೆ, ಕಪ್ಪು ಗಾಜಿನ ಕಾರಿದೆ, ಜನರನ್ನು ಸರಿಸಲು ದಾಂಡಿಗರಿದ್ದಾರೆ. ಶೆಟ್ಟಿಕೆರೆಯ ಶಾಲೆಯಲ್ಲಿ ಪಾಠ ಹೇಳುವ ನಾನು ಬಸ್ಸು ಹತ್ತಿದರೆ ಎರಡು ಬಾಗಿಲಲ್ಲೂ ನನ್ನ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರೇ ನಿಂತಿರುತ್ತಾರೆ.

ಆ ದಿನಗಳಲ್ಲೇ ನನಗೂ ಒಂದು ಖಾಸಗಿ ವಿಷಯ ಬಂದೊದಗಿತ್ತು. ಕುತ್ತಿಗೆಯಲ್ಲಿ ಒಂದು ಸಣ್ಣ ಗಂಟು. ತಿಪಟೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದ್ದರು. ಯಜಮಾನರು ನನಗೆ ಶೀತವಾದರೂ ಊಟ ಬಿಡುವ ಮನುಷ್ಯ, ಅವರಿಗೆ ಹೇಳಿರಲಿಲ್ಲ. ಫಲಿತಾಂಶದ ದಿನ ಸೀರೆ ತರುತ್ತೇನೆಂದು ಹೇಳಿ, ಮಾಸ್ಕ್ ಹಾಕಿ, ಅವರದೇ ಕಪ್ಪು ಕನ್ನಡಕ ಏರಿಸಿ, ತಲೆತುಂಬ ಸೆರಗು ಹೊದ್ದು ಬಸ್ಸು ಹತ್ತಿದೆ. ನಟನಿಗಿಂತ ಒಂದು ಕೈ ಮೇಲೆಯೇ ಇದ್ದೆನೆಂದು ಧೈರ್ಯ.

ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಏನ್ ಟೀಚರಮ್ಮ, ಕಣ್ಣು ಬಂದೈತಾ?" ಎಂದ.

ನಾನು ಹೌದೆಂದೆ. ಕೂಡಲೇ ಬಸ್ಸಿನಲ್ಲಿ ಕಣ್ಣುನೋವಿಗೆ ಆರು ಬಗೆಯ ಔಷಧಿ ಹೊರಬಂದವು. ಪಕ್ಕದಲ್ಲಿ ಕೂತಿದ್ದವಳು ನಮ್ಮ ಬೀದಿಯ ಗಂಗಕ್ಕ, ಮಗಳ ಮನೆಗೆ ಎಳನೀರು ಹೊತ್ತುಕೊಂಡು ಹೊರಟವಳು. ಅವಳು ಮಾತ್ರ ಔಷಧಿ ಹೇಳಲಿಲ್ಲ.

"ಎಲ್ಲಿಗವ್ವ?"

"ಸೀರೆ ತರೋಕೆ."

ನನ್ನ ಚೀಲದಿಂದ ಅರ್ಧ ಹೊರಗೆ ಇಣುಕುತ್ತಿದ್ದ ಸ್ಕ್ಯಾನಿನ ದೊಡ್ಡ ಕವರನ್ನು ನೋಡಿ ಗಂಗಕ್ಕ ದನಿ ತಗ್ಗಿಸಿದಳು. "ಸೀರೆಗೂ ಈಗ ಸ್ಕ್ಯಾನ್ ಮಾಡ್ತಾರೇನವ್ವ?"

ನಗು ಬಂತು; ಅದರ ಹಿಂದೆಯೇ ಕಪ್ಪು ಕನ್ನಡಕದೊಳಗೆ ಕಣ್ಣು ತುಂಬಿತು. ಎಲ್ಲ ಹೇಳಿಬಿಟ್ಟೆ. ತಿಪಟೂರಿನಲ್ಲಿ ಗಂಗಕ್ಕ ಮಗಳ ಮನೆಯ ದಾರಿ ಹಿಡಿಯಲಿಲ್ಲ. "ಒಬ್ಳೇ ಕೂತ್ರೆ ಇಲ್ಲದ್ದೆಲ್ಲ ತಲೆಗೆ ಬತ್ತೈತೆ. ನಾನೂ ಬತ್ತೀನಿ ಬುಡು" ಎಂದು ಎಳನೀರಿನ ಚೀಲದೊಂದಿಗೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತಳು. ಸುತ್ತಲಿನವರ ಕಾಯಿಲೆಗಳನ್ನೆಲ್ಲ ವಿಚಾರಿಸಿದಳು. ಅವರ ಕಥೆ ಕೇಳುತ್ತಾ ನನ್ನ ಸರದಿ ಬಂದದ್ದು ನನಗೇ ತಿಳಿಯಲಿಲ್ಲ.

ಡಾಕ್ಟರು ವರದಿ ಓದಿ, ಕೆಟ್ಟ ಗಂಟಲ್ಲ, ಮಾತ್ರೆ ಸಾಕು ಎಂದರು. ಗಂಗಕ್ಕ ಒಂದು ಎಳನೀರನ್ನು ಅವರ ಮೇಜಿನ ಮೇಲಿಟ್ಟೇ ಎದ್ದಳು.

ವಾಪಸು ಬರುವಾಗಲೂ ಅದೇ ಕಂಡಕ್ಟರ್. "ಡಾಕ್ಟ್ರು ಏನಂದ್ರು?" ಎಂದು ಕೇಳಿದ. ಕೇಳಿದ್ದು ಕಣ್ಣಿನ ಬಗ್ಗೆಯೋ ಕುತ್ತಿಗೆಯ ಬಗ್ಗೆಯೋ ಎಂದು ನಾನು ವಿಚಾರಿಸಲು ಹೋಗಲಿಲ್ಲ. "ಏನೂ ಇಲ್ವಂತೆ ಕಣಪ್ಪ" ಎಂದೆ. ಹಿಂದಿನ ಸೀಟಿನವರೂ ನಿಟ್ಟುಸಿರು ಬಿಟ್ಟರು. ಊರಿನಲ್ಲಿ ಇಳಿದರೆ ಯಜಮಾನರು ಸ್ಕೂಟರಿನೊಂದಿಗೆ ನಿಂತಿದ್ದರು. ಸುದ್ದಿ ಬಸ್ಸಿಗಿಂತ ಮುಂಚೆ ತಲುಪಿತ್ತು. ಅವರು ಬಯ್ಯಲಿಲ್ಲ. "ಇನ್ಮೇಲೆ ನಂಗೂ ಹೇಳು, ಬಸ್ಸಿಗೆ ಹೇಳಿದ ಮೇಲಾದ್ರೂ" ಎಂದಷ್ಟೇ ಅಂದರು.

ಕಳೆದ ವಾರ ಮತ್ತೆ ತಿಪಟೂರಿಗೆ ಹೋಗುತ್ತಿದ್ದೆ. ಮುಖದ ತುಂಬ ಸೆರಗು ಹೊದ್ದ ಅಪರಿಚಿತ ಹೆಂಗಸೊಬ್ಬಳು ಪಕ್ಕದಲ್ಲಿ ಬಂದು ಕೂತಳು. ಮನುಷ್ಯರ ಖಾಸಗಿತನದ ಬಗ್ಗೆ ಇಷ್ಟೆಲ್ಲ ಯೋಚಿಸಿರುವ ನಾನು ಕಿಟಕಿಯ ಕಡೆ ಸ್ವಲ್ಪ ಸರಿದು ಕೇಳಿದೆ, "ಎಲ್ಲಿಗಮ್ಮ?"

ಅವಳು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ತಿಪಟೂರು ಇನ್ನೂ ದೂರವಿತ್ತು, ನನಗೂ ಅವಸರವಿರಲಿಲ್ಲ.