ಮಾವನ ವಿಮಾನ ಪಂಚಾಂಗ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇದಕ್ಕೆಲ್ಲ ಮೂಲ ನಾನೇ. ನನ್ನ ಸೋದರಮಾವನಿಗೆ ವಿಮಾನದ ಹುಚ್ಚು ಹಿಡಿಸಿದ್ದು ನಾನಲ್ಲ, ಅದು ಹುಟ್ಟುವಾಗಲೇ ಜೊತೆಗೆ ಬಂದದ್ದು. ಆದರೆ ಆ ಹುಚ್ಚಿಗೆ ಕಟ್ಟೆ, ಸಭೆ, ಚಪ್ಪಾಳೆ ಒದಗಿಸಿಕೊಟ್ಟ ಮೂರ್ಖ ಮಾತ್ರ ನಾನು.

ಶಿಕಾರಿಪುರದಿಂದ ಸೊರಬದವರೆಗೆ ಹುಡುಕಿದರೂ ವಿಮಾನದ ವಿಷಯದಲ್ಲಿ ನನ್ನ ಮಾವನಷ್ಟು ಅಧಿಕಾರದಿಂದ ಮಾತಾಡುವವರು ಸಿಗುವುದಿಲ್ಲ. ಅವನು ಈವರೆಗೆ ಹತ್ತಿದ ಅತಿ ಎತ್ತರದ ವಾಹನವೆಂದರೆ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರು! ತಾಳಗುಂದದ ಆಚೆ ಕುರಿ ಕಾಯುತ್ತಾನೆ. ಕುರಿಗಳು ನೆಲ ನೋಡುತ್ತವೆ, ಇವನು ಆಕಾಶ ನೋಡುತ್ತಾನೆ. ಎರಡೂ ಕಡೆಯವರು ಪರಸ್ಪರರನ್ನು ನೋಡಿದ್ದು ಕಡಿಮೆ.

ನನ್ನದೂ ಒಂದು ರೋಗವಿದೆ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಹಾಗೇ ಅನುಕರಿಸುತ್ತೇನೆ. ಊರಿನವರೆಲ್ಲರ ದನಿ ಬರುತ್ತದೆ. ಹೆಣ್ಣು ನೋಡಲು ಹೋದಾಗ ಮಾತ್ರ ನನ್ನದೇ ದನಿ ಬರದೆ ಬರೀ ಕೆಮ್ಮು ಬಂತು.

ಯುಗಾದಿಯ ಸಂಜೆ ನಮ್ಮೂರ ಗುಡಿಯ ಕಟ್ಟೆಯ ಮೇಲೆ ಪಂಚಾಂಗ ಓದುವುದು ವಾಡಿಕೆ. ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಗೆ ಯಾವ ಪೀಡೆ, ಎಲ್ಲವನ್ನೂ ಶಾಸ್ತ್ರಿಗಳು ಮೂಗಿನಿಂದಲೇ ಹೇಳುತ್ತಾರೆ. ಒಂದು ಯುಗಾದಿಯಂದು ಅವರು ಓದಿ ಮುಗಿಸಿದ್ದೇ ತಡ, ಅವರದೇ ಮೂಗಿನ ದನಿಯಲ್ಲಿ ನಾನು ಕೂಗಿದೆ, "ಇನ್ನು ಆಕಾಶದ ಫಲವನ್ನು ನಮ್ಮ ಮಾವನವರು ಓದತಕ್ಕದ್ದು!"

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಕಂಬಳಿ ಕೊಡವಿಕೊಂಡು ಎದ್ದು ಕಟ್ಟೆ ಹತ್ತಿಯೇಬಿಟ್ಟ! ಅಂದು ಶುರುವಾದದ್ದು ಇನ್ನೂ ನಿಂತಿಲ್ಲ. ಪ್ರತಿ ಯುಗಾದಿಗೆ, ಹಿಂದಿನ ಯುಗಾದಿಯಿಂದ ಈಚೆಗೆ ಆಕಾಶದಲ್ಲಿ ಏನೇನು ನಡೆಯಿತೆಂದು ಮಾವ ಹೇಳಬೇಕು, ಊರು ಕೇಳಬೇಕು. ಶಾಸ್ತ್ರಿಗಳು ಬರುವ ವರ್ಷದ್ದು ಹೇಳುತ್ತಾರೆ, ಮಾವ ಹೋದ ವರ್ಷದ್ದು ಹೇಳುತ್ತಾನೆ. ಹಾಗಾಗಿ ಮಾವನ ಪಂಚಾಂಗ ಇವತ್ತಿನವರೆಗೂ ಸುಳ್ಳಾಗಿಲ್ಲ. ಅವನದೊಂದೇ ನಿಯಮ. ತಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳಬೇಕು. ಟೀವಿಯಲ್ಲಿ ಬಂದದ್ದು, ಮೊಬೈಲಿನಲ್ಲಿ ಬಂದದ್ದು ನಡೆಯುವುದಿಲ್ಲ.

ನಮ್ಮ ಜಿಲ್ಲೆಗೆ ವಿಮಾನ ಬಂತಲ್ಲ, ಆ ವರ್ಷ ಮಾವನ ಪಾಲಿಗೆ ಸುಗ್ಗಿಯೋ ಸುಗ್ಗಿ!

ಮೊದಲು ಬಂದದ್ದು ಚುನಾವಣೆಯ ಹೆಲಿಕಾಪ್ಟರು. ಯಾರೋ ದೊಡ್ಡವರು ಭಾಷಣಕ್ಕೆಂದು ಬಯಲಿನಲ್ಲಿ ಇಳಿದರು. ಪಕ್ಕದಲ್ಲೇ ಮಾವನ ಕುರಿಗಳು. ಎದ್ದ ಧೂಳಿಗೆ ಮಂದೆಯೆಲ್ಲ ದಿಕ್ಕಾಪಾಲು. ಸಂಜೆಯವರೆಗೆ ಹುಡುಕಿದ ಮೇಲೆ ಮಾವನ ಮುದ್ದಿನ ಟಗರು ಸಿಕ್ಕಿದ್ದು ಎದುರು ಪಕ್ಷದವರ ಪೆಂಡಾಲಿನಲ್ಲಿ! ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣ ಮೇಯುತ್ತ ನಿಂತಿತ್ತಂತೆ. ಆ ಚುನಾವಣೆಯಲ್ಲಿ ನಡೆದ ಮೊದಲ ಪಕ್ಷಾಂತರ ಅದೇ ಇರಬೇಕು.

ಆಮೇಲೆ ಮಳೆಗಾಲ ಬಂತು. ಮಾವ ನನ್ನನ್ನು ಗುಡವಿಯ ಪಕ್ಷಿಧಾಮಕ್ಕೆ ಎಳೆದುಕೊಂಡು ಹೋದ. ಕೆರೆಯ ಮರಗಳ ತುಂಬ ಹಕ್ಕಿಗಳ ಕಲರವ.

"ನೋಡಲೇ ಅಳಿಯಾ, ಇದು ಫಾರಿನ್ ವಿಮಾನ ಇಳಿಯೋ ಜಾಗ," ಎಂದ. "ಪಾಸ್‌ಪೋರ್ಟ್ ಇಲ್ಲ, ಚೆಕಿಂಗ್ ಇಲ್ಲ. ತಡ ಆತು ಅಂತ ಯಾರೂ ಕ್ಷಮೆ ಕೇಳಂಗಿಲ್ಲ."

ನಾನು ಬಾಯಿ ತೆರೆದು ಮೇಲೆ ನೋಡುತ್ತಿದ್ದಾಗ ನನ್ನ ಹೊಸ ಅಂಗಿಯ ಮೇಲೆ ಪಚಕ್ಕನೆ ಬಿತ್ತು. ಮಾವ ಗಂಭೀರವಾಗಿ ಅಂದ, "ಗಾಬರಿ ಆಗಬ್ಯಾಡ. ಲಗೇಜ್ ಇಳಸಾಕತ್ತಾರೆ."

ಜಿಲ್ಲೆಯ ನಿಲ್ದಾಣಕ್ಕೆ ನಿಜವಾದ ವಿಮಾನ ಬರತೊಡಗಿದಾಗ ಮಾವ ಬಸ್ಸು ಹತ್ತಿದ, ಕಂಬಳಿಯ ಸಮೇತ. ಬಾಗಿಲಲ್ಲಿ ಟಿಕೆಟ್ ಕೇಳಿದರು. "ನಾ ಹತ್ತಾಕ ಬಂದಿಲ್ರಿ, ನೋಡಾಕ ಬಂದೀನಿ," ಎಂದ. ನೋಡುವವರನ್ನು ಒಳಗೆ ಬಿಡುತ್ತಾರೆಯೇ? ರಸ್ತೆ ಬದಿಯಲ್ಲೇ ನಿಂತು ನೋಡಿದ. ಆಮೇಲೆ, ಪೆಟ್ಟಿಗೆ ಎಳೆದುಕೊಂಡು ಹೊರಬಂದ ಮೊದಲ ಪ್ರಯಾಣಿಕನನ್ನು ತಡೆದು ಕೇಳಿದನಂತೆ, "ಮ್ಯಾಲಿಂದ ನಮ್ಮ ಕುರಿ ಕಂಡ್ವೇನ್ರಿ?"

"ಏನಂದ?" ಎಂದು ನಾನು ಕೇಳಿದೆ.

"ಕಂಡ್ವು ಅಂದ ಕಣಲೇ. ಪುಣ್ಯಾತ್ಮ!"

ಇಷ್ಟೆಲ್ಲ ಆಗುವಾಗ ನನ್ನ ಅತ್ತೆ, ಅಂದರೆ ಮಾವನ ಹೆಂಡತಿ, ಒಮ್ಮೆಯೂ ತಲೆಯೆತ್ತಿ ಆಕಾಶ ನೋಡಿದವಳಲ್ಲ. ಅವಳಿಗೆಲ್ಲಿಯ ಪುರುಸೊತ್ತು? ಮನೆ, ಮರಿಗಳು, ಸ್ವಸಹಾಯ ಸಂಘ. ಅತ್ತೆಯ ತವರು ಸೊರಬದ ಕಡೆ, ಮಾತು ಚುರುಕು. ಆ ಚಳಿಗಾಲದಲ್ಲಿ ಸಂಘದ ಹೆಂಗಸರೊಳಗೆ ಒಬ್ಬರಿಗೆ, ಗದ್ದೆಗೆ ಔಷಧಿ ಹೊಡೆಯುವ ಡ್ರೋನ್ ಹಾರಿಸುವ ತರಬೇತಿ ಕೊಡುತ್ತೇವೆಂದರು. ಯಾರೂ ಕೈ ಎತ್ತಲಿಲ್ಲ. ಅತ್ತೆ ಎತ್ತಿದಳು!

ಊರೇ ಬೆರಗಾಯಿತು. ಮಾವ ಮಾತ್ರ, "ಔಷಧಿ ಪಂಪಿಗೆ ರೆಕ್ಕೆ ಕಟ್ಟಿದ್ರೆ ಅದು ವಿಮಾನ ಆಗ್ತೇತೇನು?" ಎಂದು ಕಟ್ಟೆಯಲ್ಲಿ ನಕ್ಕುಬಿಟ್ಟ. ಹೊಟ್ಟೆಕಿಚ್ಚು ಅಂದುಕೊಂಡೆವು. ಅಲ್ಲವೇ ಮತ್ತೆ? ಆಯುಷ್ಯವಿಡೀ ಕತ್ತು ಎತ್ತಿದವನು ಇವನು, ಹಾರಿಸುವವಳು ಅವಳು!

ಅತ್ತೆ ಕಲಿತು ಬಂದಳು. ಮೊದಲ ಹಾರಾಟ ಅವಳ ತವರಿನ ಬೇಸಿಗೆ ಭತ್ತದ ಗದ್ದೆಯ ಮೇಲೆ. ಎಲ್ಲ ಸರಿಯಾಯಿತು. ಸಂಘದವರು ಹೊಗಳಿದರು, ತವರಿನವರು ಸೀರೆ ಉಡಿಸಿದರು. ಮಾವ ಒಂದು ಮಾತೂ ಆಡಲಿಲ್ಲ. ದಿನಗಳು ಹೋದವು, ಆಡಲೇ ಇಲ್ಲ.

ಯುಗಾದಿಗೆ ಮುಂಚೆ ಅತ್ತೆ ನನ್ನನ್ನು ಕರೆದಳು. ಶ್ಯಾವಿಗೆ ಒತ್ತುತ್ತ, ನನ್ನ ಮುಖ ನೋಡದೆ ಹೇಳಿದಳು. "ಊರಿನೋರೆಲ್ಲ ಚೆನ್ನಾಗಿ ಹಾರಿಸಿದೆ ಅಂದ್ರು ಮಾರಾಯಾ. ನಿನ್ನ ಮಾವನ ಬಾಯಲ್ಲೂ ಒಂದ್ಸಲ ಬರ್ಬೇಕು ನಂಗೆ. ಈ ಸಲ ಕಟ್ಟೆ ಮೇಲೆ ಹೇಳ್ತಾರೇನೋ ನೋಡಣ."

"ಹೇಳ್ತಾನೆ ಬಿಡು ಅತ್ತೆ."

"ಆ ಟಗರಿಗೆ ಕೊಟ್ಟಷ್ಟು ಮರ್ಯಾದೆ ನಂಗೂ ಕೊಟ್ರೆ ಸಾಕು!" ಎಂದಳು. ನಕ್ಕಳು. ಶ್ಯಾವಿಗೆ ಒರಳಿನ ಹಿಡಿಯನ್ನು ಮಾತ್ರ ಬೇಕಾದ್ದಕ್ಕಿಂತ ಜೋರಾಗಿ ಒತ್ತಿದಳು.

ಯುಗಾದಿ ಬಂತು. ಶಾಸ್ತ್ರಿಗಳದ್ದು ಮುಗಿಯಿತು, ಮಾವ ಕಟ್ಟೆ ಹತ್ತಿದ. ಹೆಲಿಕಾಪ್ಟರು ಬಂತು, ಟಗರು ಬಂತು, ಜನ ಬಿದ್ದು ಬಿದ್ದು ನಕ್ಕರು. ಗುಡವಿ ಬಂತು, ನನ್ನ ಅಂಗಿಯೂ ಬಂತು. ಜಿಲ್ಲೆಯ ವಿಮಾನ ಬಂತು. ಹೆಂಗಸರ ಸಾಲಿನಲ್ಲಿ ಅತ್ತೆ ತವರಿನ ಸೀರೆಯುಟ್ಟು ನಿಂತಿದ್ದಳು.

"ಇಷ್ಟು ಈ ವರ್ಷದ್ದು," ಎಂದು ಮಾವ ಕೈ ಮುಗಿದ.

ನನಗೆ ತಡೆಯಲಾಗಲಿಲ್ಲ. ಅವನದೇ ಗೊಗ್ಗರು ದನಿಯಲ್ಲಿ ಜನರ ನಡುವಿನಿಂದ ಕೂಗಿದೆ, "ಇನ್ನೊಂದೈತ್ರಪ್ಪೋ! ನಮ್ಮ ಮನೆಯಾಕಿ ಹಾರಿಸಿದ್ದು!"

ಯಾರೂ ನಗಲಿಲ್ಲ. ಮಾವನ ಮುಖ ಕೆಂಪಾಯಿತು. "ಲೇ, ನನ್ನ ದನಿಯಾಗ ಸುಳ್ಳು ಹೇಳಬ್ಯಾಡ. ಅದನ್ನ ನಾ ನೋಡಿಲ್ಲ. ನೋಡದ್ದು ಹೇಳಾಂಗಿಲ್ಲ."

ಆಗ ಅತ್ತೆ ಮುಂದೆ ಬಂದಳು. ಅಷ್ಟು ಜನರೆದುರು ಅವಳು ಗಂಡನ ಮೇಲೆ ದನಿಯೆತ್ತಿದ್ದನ್ನು ನಾನು ಕಂಡಿರಲಿಲ್ಲ. "ಬಂದಿದ್ರಲ್ರೀ! ಗದ್ದೆ ಬದುವಿನ ಮೇಲೆ ಕಂಬಳಿ ಮುಸುಕು ಹಾಕ್ಕಂಡು ನಿಂತಿದ್ರಲ್ಲ! ನಂಗೆ ಕಾಣ್ಲಿಲ್ಲ ಅಂದ್ಕಂಡ್ರಾ? ಅಷ್ಟು ದೂರ ಬಂದು ನೋಡಿ, ಈಗ ನೋಡಿಲ್ಲ ಅಂತೀರಲ್ಲ, ನಾನು ಹಾರಿಸಿದ್ದು ಅಷ್ಟು ಕೀಳಾಯ್ತಾ ನಿಮಗೆ?"

ಮಾವ ಕಂಬಳಿಯ ಅಂಚನ್ನು ಸುರುಳಿ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಬಂದಿದ್ದೆ," ಎಂದ. "ಸದ್ದು ಕೇಳ್ತು. ಮ್ಯಾಲೆ ಹೋತು ಅಂತ ಗೊತ್ತಾತು. ಆದ್ರೆ ನಾ ಮ್ಯಾಲೆ ನೋಡ್ಲಿಲ್ಲ. ನಿನ್ನ ಮುಖಾನ ನೋಡ್ಕೋತ ನಿಂತ್ಬಿಟ್ಟೆ. ಮದುವಿ ಆದಾಗಿಂದ ನೀ ಹಂಗ ನಕ್ಕಿದ್ದನ್ನ ನಾ ಕಂಡಿರ್ಲಿಲ್ಲ. ಕಣ್ಣು ಕೀಳಾಕ ಆಗ್ಲಿಲ್ಲ. ಅಷ್ಟೊತ್ತಿಗೆ ಅದು ಇಳಿದು ಹೋಗಿತ್ತು."

ಶಾಸ್ತ್ರಿಗಳು ಸುಮ್ಮನೆ ಪಂಚಾಂಗ ಮಡಚಿದರು. ಮಾವನ ಆ ಹೊತ್ತಿನ ದನಿಯೊಂದನ್ನು ನಾನು ಇವತ್ತಿಗೂ ಅನುಕರಿಸಲು ಹೋಗಿಲ್ಲ.

ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡಳು. ಆಮೇಲೆ ಸೊರಬದ ನಾಲಗೆ ಸುಮ್ಮನಿದ್ದೀತೇ?

"ನಾಳೆ ಬೆಳಿಗ್ಗೆ ಇನ್ನೊಂದ್ಸಲ ಹಾರಿಸ್ತೀನಿ, ಮುಖದ ತುಂಬ ಸೆರಗು ಎಳ್ಕಂಡು. ಆಗಾದ್ರೂ ಮೇಲೆ ನೋಡ್ರೀ ಮಾರಾಯ್ರೆ!"